ಸೋಸದ ನೀರು

ಒಂಬತ್ತನೆಯ ಕಂತು

"ಕೈ ತಗೀ ಅಣ್ಣಾ, ಉರೀತದ!"

ಪ್ರಾಣೇಶ ಕಾಲು ಜಗ್ಗಿಕೊಂಡ. ನಾನು ಬಿಡಲಿಲ್ಲ. ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಬಟ್ಟಲಡಿಕೆ ಗಾತ್ರದ ಗುಳ್ಳೆಯೊಂದು ಬಿಗಿದು ನಿಂತಿತ್ತು. ಬೆಳಿಗ್ಗೆಯಿಂದ ತಣ್ಣೀರಿನ ಬಕೀಟಿನಲ್ಲಿ ಕಾಲಿಟ್ಟುಕೊಂಡೇ ಕೂತಿದ್ದನಂತೆ. ಹೊರಗೆ ತೆಗೆದರೆ ಕೆಂಡ ಇಟ್ಟ ಹಾಗೆ ಉರಿ, ನೀರಿನಲ್ಲಿಟ್ಟರೆ ಜೀವಕ್ಕೆ ಹಾಯ್. ಆ ಮಾತು ಕೇಳಿದ ಕೂಡಲೇ ನನಗೆ ರೋಗ ಯಾವುದೆಂದು ಹೊಳೆಯಿತು.

ನಾಲ್ಕು ದಿನದ ಹಿಂದೆ ಅವನು ಮಾನ್ವಿಯಿಂದ ಬಸ್ಸಿಳಿದು, ದೇವದುರ್ಗದಿಂದ ವರ್ಗವಾದ ಮೇಲೆ ನಾವಿರುವ ರಾಯಚೂರಿನ ಮನೆಗೆ ಬಂದಾಗ ಮೈತುಂಬ ಗಂಧೆ ಎದ್ದಿತ್ತು. ವಾಂತಿ, ಸಣ್ಣ ಜ್ವರ. ಪಿತ್ತವೆಂದು ಮಾನ್ವಿಯ ವೈದ್ಯರು ಕಷಾಯ ಕುಡಿಸಿ ಕಳಿಸಿದ್ದರು. ನಾನೇನು ಅವರಿಗಿಂತ ಕಡಿಮೆಯೇ? ಇಪ್ಪತ್ತೆರಡು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ಸವೆದವನು, ಮಲೇರಿಯಾ ಇದ್ದೀತೆಂದು, ಯುದ್ಧ ಮುಗಿದರೂ ಕೈಗೆ ಸಿಗದ ಕ್ವಿನೀನ್ ಗುಳಿಗೆ ಎರಡನ್ನು ಹುಡುಕಿ ತಂದು ನುಂಗಿಸಿದ್ದೆ. ಬೇರೆ ಯಾರದೋ ಮೈಯಾಗಿದ್ದರೆ ಮೊದಲ ದಿನವೇ ಗುರುತಿಸುತ್ತಿದ್ದೆ. ಸ್ವಂತ ತಮ್ಮನ ವಿಷಯದಲ್ಲಿ ಆ ರೋಗದ ಹೆಸರು ನನ್ನ ತಲೆಯೊಳಗೆ ಬರಲೇ ಇಲ್ಲ.

ತಂಬಿಗೆಯ ತಣ್ಣೀರನ್ನು ಗುಳ್ಳೆಯ ಮೇಲೆ ಸಣ್ಣಗೆ ಹುಯ್ದೆ. ಚರ್ಮ ಬಿರಿಯಿತು. ಹಾಲು ಬೆರೆಸಿದಂಥ ನೀರು ಹೊರಬಂತು. ಅದರ ನಡುವೆ ಹೊಲಿಗೆ ದಾರದಷ್ಟು ದಪ್ಪದ ಬಿಳಿ ತುದಿಯೊಂದು ಮೆಲ್ಲಗೆ ತಲೆ ಹಾಕಿತು.

"ಏನದು?" ಪ್ರಾಣೇಶ ಬಗ್ಗಿ ನೋಡಿದ.

"ನಾರು."

ಒಳಬಾಗಿಲ ಹೊಸ್ತಿಲಲ್ಲಿ ಮಡಿಸೀರೆಯಲ್ಲಿ ನಿಂತಿದ್ದ ನನ್ನ ಹೆಂಡತಿ ಅನಸೂಯಾಬಾಯಿ ಕೂಡಲೇ ಎಂದಳು: "ಏನ್ ಮಾತಾಡ್ತೀರಿ! ನಮ್ಮ ಮನ್ಯಾಗ ನಾರು? ಸೋಸದ ನೀರು ಒಂದ್ ಗುಟುಕರೆ ಕೊಟ್ಟೀನೇನು ಅವಗ? ಐದು ವರ್ಷದ ಕೂಸಿದ್ದಾಗಿಂದ ಸಾಕೀನಿ."

"ಮನಿ ನೀರಲ್ಲ ಇದು."

ಅವಳು ಕೇಳಿದಳು: "ಕುಡದು ಎಷ್ಟು ದಿನಕ್ಕ ಹೊರಗ ಬರ್ತದ್ರೀ ಇದು?"

"ಹೆಚ್ಚೂಕಮ್ಮಿ ಒಂದು ವರ್ಷ."

ಅವಳು ಹಿತ್ತಲ ಕಡೆ ಹೋದಳು. ಮಡಿ ನೀರು ಸೇದುವ ಹೊತ್ತು ಮೀರುತ್ತಿತ್ತು.

ದೇವದುರ್ಗದ ಕಡೆ ಹಾಲುಗಲ್ಲದ ಕೂಸಿಗೂ ನಾರುಹುಣ್ಣು ಗೊತ್ತು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳ ಶಾಪ ಅದು. ನಾರು ಹೊರಟವರು ಉರಿ ತಾಳದೆ ಆ ನೀರಿನಲ್ಲಿ ಕಾಲಿಡುತ್ತಾರೆ, ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ, ಕಣ್ಣಿಗೆ ಕಾಣದಂಥ ನೀರಹುಳದ ಹೊಟ್ಟೆ ಸೇರಿ ಅವು ಇನ್ನೊಬ್ಬರ ಬಾಯಿಗೆ ಹೋಗುತ್ತವೆ. ವರ್ಷ ತುಂಬಿದ ಮೇಲೆ ಮೊಳಕ್ಕೂ ಉದ್ದದ ಹುಳ ಕಾಲಿನಿಂದ ಹೊರಡುತ್ತದೆ. ಹಗ್ಗ ಹಾಕಿ ಸೇದುವ ಬಾವಿಯಲ್ಲಿ ಈ ಪೀಡೆ ಇಲ್ಲ. ಮೆಟ್ಟಿಲ ಬಾವಿಯ ನೀರನ್ನೂ ನಾಲ್ಕು ಮಡಿಕೆಯ ಅರಿವೆಯಲ್ಲಿ ಸೋಸಿ ಕುಡಿದರೆ ಹತ್ತಿರ ಸುಳಿಯುವುದಿಲ್ಲ.

ನನಗೊಂದು ಹುಚ್ಚಿದೆ. ನಾರು ಹೊತ್ತು ಬಂದವರನ್ನೆಲ್ಲ, ಊರವರಿರಲಿ ದಾರಿಹೋಕರಿರಲಿ, ಹೋದ ವರ್ಷ ಇದೇ ಹೊತ್ತಿಗೆ ಎಲ್ಲಿ ನೀರು ಕುಡಿದಿರಿ ಎಂದು ಕೇಳಿ ವಹಿಯಲ್ಲಿ ಬರೆದಿಡುತ್ತೇನೆ. ಬಾವಿ ಡಾಕ್ಟರ್ ಎಂದು ಜನ ಬೆನ್ನ ಹಿಂದೆ ನಗುತ್ತಾರೆ, ನಗಲಿ. ಆ ಪ್ರಶ್ನೆಯನ್ನು ಈಗ ನನ್ನ ತಮ್ಮನಿಗೆ ಕೇಳಬೇಕಿತ್ತು. ಕೇಳಲು ಹೆದರಿದೆ.

ಏಕೆಂದರೆ ಹೋದ ವರ್ಷ ಇದೇ ವೈಶಾಖದಲ್ಲಿ, ಅಕ್ಷಯ ತದಿಗೆಯ ಮರುದಿನ, ಅರಕೇರಾದ ಮೆಟ್ಟಿಲ ಬಾವಿಯಲ್ಲಿ ಅಯ್ಯಮ್ಮನೆಂಬ ಇಪ್ಪತ್ತರ ಹುಡುಗಿ ಹೆಣವಾಗಿ ತೇಲಿದ್ದಳು. ಯಾರೋ ಒಬ್ಬನ ಜೊತೆ ಅವಳ ಹೆಸರು ಕೇಳಿಬಂದಿತ್ತೆಂದೂ, ಮಾನಕ್ಕಂಜಿ ತಂದೆ ಮಾರೆಪ್ಪನೇ ಮಗಳನ್ನು ನೂಕಿದನೆಂದೂ ಠಾಣೆಯ ಅಮೀನ್ ಸಾಹೇಬರು ಬರೆದುಕೊಂಡರು. ಆ ಯಾರೋ ಒಬ್ಬ ಯಾರೆಂದು ವರ್ಷವಿಡೀ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ.

ನಾಳೆ ಹನ್ನೊಂದು ಗಂಟೆಗೆ ರಾಯಚೂರಿನ ಅದಾಲತ್ತಿನಲ್ಲಿ ಫೈಸಲಾ, ಕೊಲೆ ಮೊಕದ್ದಮೆಯ ತೀರ್ಪು. ಮಾರೆಪ್ಪನನ್ನು ನೇಣಿನವರೆಗೆ ತಂದು ನಿಲ್ಲಿಸಿದ್ದು ನಾನೇ ಬರೆದ ಹೆಣದ ವರದಿ. "ಎರಡೂ ಮುಂಗೈಗಳ ಮೇಲೆ ಬಲವಾಗಿ ಹಿಡಿದ ಬೆರಳ ಗುರುತುಗಳು" ಎಂದು ಬರೆದಿದ್ದೆ. ಬೆರಳುಗಳು ಸಣ್ಣವು ಎಂದೂ ಬರೆದಿದ್ದೆ. ಆ ಸಾಲನ್ನು ಅಮೀನ್ ಸಾಹೇಬರು ಓದಲೇ ಇಲ್ಲ. ಕೆಳಗೆ ನೂಕಿದವರ ಬೆರಳೋ, ಮೇಲಕ್ಕೆ ಎಳೆಯಲು ನೋಡಿದವರ ಬೆರಳೋ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಸಾಕ್ಷಿ ಅರಗಿನ ಮುದ್ರೆಯೊಳಗೆ ಮಲಗಿದೆ. ಹುಡುಗಿಯ ಬಲಮುಷ್ಟಿಯಲ್ಲಿ ಒಂದು ಬಿಳಿ ಅರಿವೆ ಇತ್ತು. ಚೌಕನೆಯದು, ನಾಲ್ಕು ಮಡಿಕೆಯದು, ಅಂಚಿಗೆ ಕಪ್ಪು ರೇಶ್ಮೆ ದಾರದ ಹೊಲಿಗೆ. ಗಾಯ ಹೊಲಿಯಲು ದವಾಖಾನೆಗೆ ಬರುವ ದಾರ ಅದು. ಆ ದಾರದ ಬೆನ್ನುಹತ್ತಿ ನಮ್ಮ ಕಂಪೌಂಡರ್ ಮೆಹಬೂಬ್ ಪಾಷಾನನ್ನು ಅನುಮಾನಿಸಿ, ಅಂಥ ಸಂಭಾವಿತನ ಕಣ್ಣಲ್ಲಿ ನೀರು ತರಿಸಿದ್ದೊಂದೇ ನನ್ನ ಸಾಧನೆ.

ಕಾಲಿನ ಕೆಲಸ ಬಾಕಿ ಇತ್ತು. ಹೊರಗಟ್ಟೆಯ ಕಡೆ ಮುಖ ಮಾಡಿ ಕೂಗಿದೆ.

"ಅಮರಮ್ಮಾ, ಈ ಕಡೆ ಬಾ."

ಬೇವಿನ ಗಿಡದ ಕೆಳಗಿಂದ ಅವಳು ಎದ್ದು ಬಂದಳು. ಮಾರೆಪ್ಪನ ಹೆಂಡತಿ, ಸತ್ತ ಅಯ್ಯಮ್ಮನ ತಾಯಿ. ಮೂರು ದಿನದಿಂದ ನಮ್ಮ ಕಟ್ಟೆಯ ಮೇಲೇ ಇದ್ದಾಳೆ. ಬೆಳಿಗ್ಗೆ ಎದ್ದು ಜೇಲಿನ ಗೇಟಿಗೆ ಹೋಗಿ ಗಂಡನಿಗೆ ರೊಟ್ಟಿ ಕೊಟ್ಟು ಬರುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತ ಕೂಡುತ್ತಾಳೆ. ಬೇಡುವುದಿಲ್ಲ, ಅಳುವುದಿಲ್ಲ. ಅದಕ್ಕಿಂತ ಅತ್ತುಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳ ಮೊಣಕಾಲ ಕೆಳಗೂ ಒಂದು ಚಿಂದಿ ಕಟ್ಟಿತ್ತು. ಅದರೊಳಗೆ ಕಡ್ಡಿ, ಕಡ್ಡಿಗೆ ಸುತ್ತಿದ ನಾರು. ಅರಕೇರಾದಲ್ಲಿ ಎಲ್ಲರ ನಾರು ಸುತ್ತುವವಳು ಅವಳೇ. ನಾನು ಸುತ್ತಿದರೆ ಮೂರಕ್ಕೊಂದು ಹರಿಯುತ್ತದೆ, ಅವಳ ಕೈಯಲ್ಲಿ ಹರಿದದ್ದನ್ನು ನಾನು ನೋಡಿಲ್ಲ.

ಪ್ರಾಣೇಶ ಅವಳನ್ನು ನೋಡಿ ಗೋಡೆಗೆ ಸರಿದ.

"ಬ್ಯಾಡ ಅಣ್ಣಾ. ಬ್ಯಾರೆ ಯಾರನ್ನರೆ ಕರಿ."

ಅಮರಮ್ಮ ಅದನ್ನು ಬೇರೆ ಥರ ತಿಳಿದುಕೊಂಡಳು. ಎರಡು ಹೆಜ್ಜೆ ಹಿಂದೆ ಹೋಗಿ, "ನಾ ಮುಟ್ಟಬೌದೇನ್ರಿ ಯಪ್ಪಾ? ಮಡಿ ಮಂದಿ ಅದೀರಿ," ಎಂದಳು.

"ಮುಟ್ಟದ ಹೆಂಗ ಸುತ್ತತೀ? ಕೂಡು."

ಅವಳು ನೆಲಕ್ಕೆ ಕೂತು ಅವನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೇವಿನ ಕಡ್ಡಿಯೊಂದನ್ನು ಸೀಳಿ, ಸೀಳಿನಲ್ಲಿ ಹುಳದ ತುದಿ ಸಿಕ್ಕಿಸಿ, ಉಸಿರು ಬಿಗಿಹಿಡಿದು ಒಂದೇ ಒಂದು ಸುತ್ತು ತಿರುಗಿಸಿದಳು.

"ಎಳೀಬ್ಯಾಡ್ರಿ ಯಪ್ಪಾ. ಹರೀತಂದ್ರ ಒಳಗ ಕೀವಾಗಿ ಕಾಲ ಹೋಗ್ತಾದ. ದಿನಾ ಒಂದ್ ಬಟ್ಟು ಬರ್ತಾದ, ಅದರ ಮರ್ಜಿಲೇ ಬರಬೇಕು. ನಮ್ಮ ಅಯ್ಯಮ್ಮಗೂ ಹಿಂಗ ಸುತ್ತತಿದ್ದೆ, ಹತ್ತು ವರ್ಷದಾಕಿ ಇದ್ದಾಗ. ಅಳಬಾರದಂತ ಹಾಡ ಹೇಳ್ತಿದ್ಲು ನನ್ನ ಮಗಳು."

ಪ್ರಾಣೇಶ ಮುಖ ಆ ಕಡೆ ತಿರುಗಿಸಿದ.

"ನೋವಾತೇನ್ರಿ?"

ಅವನು ತಲೆಯಾಡಿಸಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಸೆರಗಿನ ತುದಿಯಿಂದ ಅವನ ಕಾಲಮೇಲಿನ ಒದ್ದೆ ಒರೆಸಿ, ಕಡ್ಡಿಯನ್ನು ಕಾಲಿಗೆ ಕಟ್ಟಿ, "ಯಾ ಊರ ಬಾವಿ ನೀರು ಕುಡದಿದ್ರಿ ಯಪ್ಪಾ?" ಎಂದು ಕೇಳಿದಳು. ನನ್ನ ಪ್ರಶ್ನೆಯನ್ನು ಅವಳೇ ಕೇಳಿದ್ದಳು, ಬರೀ ಮಮತೆಯಿಂದ.

ಅವನು ಬಾಯಿ ತೆರೆಯುವ ಮೊದಲೇ ನಾನು ಅವಳನ್ನು ಅಲ್ಲಿಂದ ಕಳಿಸಿದೆ.

"ಹಿತ್ತಲಕ್ಕ ಹೋಗಿ ಕೈ ತೊಳಕೋ ಅಮರಮ್ಮಾ. ನಮ್ಮ ಮನ್ಯಾಕಿ ಕುಡೀಲಿಕ್ಕೆ ನೀರು ಕೊಡ್ತಾಳ."

ಅವಳು ಕುಂಟುತ್ತ ಮನೆಯನ್ನು ಸುತ್ತುಹಾಕಿ ಹೋದಳು. ನಾನು ಬಾಗಿಲು ಮುಂದೆ ಮಾಡಿ ತಮ್ಮನ ಎದುರು ಕೂತೆ.

"ಈಗ ನಾ ಕೇಳ್ತೀನಿ. ಹೋದ ವರ್ಷ ಅಕ್ಷಯ ತದಗಿಗೆ ಎಲ್ಲಿದ್ದಿ?"

"ಮಾನ್ವ್ಯಾಗ. ಸಾಲಿ ಇತ್ತು."

"ಮಾನ್ವ್ಯಾಗ ನೀ ಉಳಕೊಂಡ ಮನ್ಯಾಗ ಸೇದೂ ಬಾವಿ. ದೇವದುರ್ಗದ ನಮ್ಮ ಮನ್ಯಾಗ ಸೇದೂ ಬಾವಿ. ಹೊರಗ ನೀರು ಮುಟ್ಟಂಗಿಲ್ಲ ಅಂತ ನೀನ ಊರೆಲ್ಲ ಹೇಳಕೋತ ಅಡ್ಡಾಡ್ತಿ, ಬಸ್ಸಿನ್ಯಾಗೂ ತಂಬಿಗಿ ಬಗಲಾಗ ಇಟ್ಟಕೊಂಡಿರ್ತಿ. ಹಂಗಾರ ಈ ಹುಳ ಎಲ್ಲಿಂದ ಬಂತೋ?"

"ದಾರ್ಯಾಗ ಎಲ್ಯೋ…"

"ಪ್ರಾಣೇಶ, ಆ ಮುದುಕಿ ನಿನ್ನ ಕಾಲು ತೊಡಿಮ್ಯಾಲೆ ಇಟ್ಟಕೊಂಡಿದ್ಲು. ನಾಳೆ ಆಕಿ ಗಂಡಗ ಗಲ್ಲಾದೀತು. ನನ್ನ ಮುಂದರೆ ಖರೇ ಹೇಳು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕಿರಿಯರು ಅಳುವಾಗ ಬೆನ್ನು ಸವರುವುದು ನನ್ನ ರೂಢಿ. ಅವತ್ತು ಕೈ ಎತ್ತಲಾಗಲಿಲ್ಲ.

"ಅರಕೇರಾದ ಬಾವಿ ನೀರು," ಎಂದ. "ಅಯ್ಯಮ್ಮನ ಕೈಲೆ ಕುಡದೆ."

ದೇವದುರ್ಗದ ನಮ್ಮ ಮನೆಗೆ ವಾರಕ್ಕೊಮ್ಮೆ ಉರುವಲಿಗೆ ಕುಳ್ಳು ತಂದು ಹಾಕುತ್ತಿದ್ದಳು ಆ ಹುಡುಗಿ. ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಿದ್ದವಳನ್ನು ನಾನೂ ನೋಡಿದ್ದೆ. ರಜೆಗೆ ಬಂದಾಗ ಇವನು ಅವಳಿಗೆ ಅಂಗಳದ ಮಣ್ಣಿನಲ್ಲಿ ಅಕ್ಷರ ಬರೆದು ತೋರಿಸುತ್ತಿದ್ದದ್ದನ್ನೂ ನೋಡಿದ್ದೆ. ಒಳ್ಳೆಯ ಮಾಸ್ತರನಾಗುತ್ತಾನೆ ಎಂದುಕೊಂಡು ಹೆಮ್ಮೆಪಟ್ಟಿದ್ದೆ. ಎಂಥ ಪತ್ತೇದಾರ ನಾನು!

"ಲಗ್ನ ಆಗೂದಂತ ಮಾತಾಗಿತ್ತಣ್ಣಾ. ಆರ್ಯಸಮಾಜದವರು ಮಾಡಸ್ತೀವಂದಿದ್ರು. ಹೇಳಲಿಕ್ಕೇ ಅವತ್ತು ಹೋಗಿದ್ದೆ. ಬಿಸಲಾಗ ಬಾಯಿ ಒಣಗಿತ್ತು, ತಂಬಿಗಿ ಖಾಲಿ ಆಗಿತ್ತು. ಆಕಿ ಮೆಟ್ಟಲಿಳದು ಬೊಗಸಿ ತುಂಬಿ ತಂದ್ಲು. 'ನಮ್ಮ ನೀರು ಕುಡೀತೀರೇನು?' ಅಂದ್ಲು. ನಗಲಿಕತ್ತಿದ್ಲು. ಕುಡದೆ."

"ಸೋಸದ?"

"ಆಕಿ ಕೈಯಾಗಿನ ನೀರು ಹೆಂಗ ಸೋಸಲಿ? ಹಂಗ ಕುಡದೆ."

ಇಪ್ಪತ್ತನಾಲ್ಕು ವರ್ಷ ಮಡಿ ಬಿಡದವನು ಒಂದು ಹುಡುಗಿಗಾಗಿ ಒಂದು ಬೊಗಸೆ ನೀರು ಕುಡಿದಿದ್ದ. ಆ ಸುಖದ ಗಳಿಗೆಯೇ ಈಗ ಅವನ ಕಾಲಿನಿಂದ ದಿನಕ್ಕೊಂದು ಬೆರಳಿನಷ್ಟು ಹೊರಬರುತ್ತಿತ್ತು. ನನಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

"ಆಮ್ಯಾಲೆ?"

"ಮಾನ್ವಿ ಬಸ್ಸಿನ ಹೊತ್ತಾತು ಅಂತ ಬಿಟ್ಟು ಬಂದೆ. ನಾ ತಿರುಗಿ ನೋಡಿದಾಗ ಮ್ಯಾಲಿನ ಮೆಟ್ಟಲ ಮ್ಯಾಲೆ ನಿಂತು ಕೈ ಮಾಡಲಿಕತ್ತಿದ್ಲು. ಮೂರನೇ ದಿನ ಸುದ್ದಿ ಬಂತು." ಅವನು ಕಣ್ಣು ಒರೆಸಿಕೊಂಡ. "ನಾ ಕೊಂದಿಲ್ಲಣ್ಣಾ. ಆದ್ರ ಸುಮ್ಮಕ್ಕಿದ್ದೆ. ಆಕಿ ಹೆಸರು ಹೊರಗ ಬಂದ್ರ, ನಿನ್ನ ನೌಕರಿ, ನಮ್ಮ ಮನಿ ಮಾನ… ಮಾರೆಪ್ಪ ಬಿಡುಗಡಿ ಆಗ್ತಾನಂತ ಎಲ್ಲಾರೂ ಅಂತಿದ್ರು. ಅದನ್ನ ನಂಬಿ ಒಂದು ವರ್ಷ ಉಂಡೆ, ಮಲಗಿದೆ, ಸಾಲ್ಯಾಗ ಮಗ್ಗಿ ಹೇಳಿದೆ."

"ಆಕಿ ಮುಷ್ಟ್ಯಾಗಿದ್ದ ನೀರು ಸೋಸೂ ಅರಿವಿ ನಿನ್ನದೇನು?"

"ಯಾ ಅರಿವಿ?" ಅವನು ನಿಜವಾಗಿ ಬೆಪ್ಪಾಗಿ ನೋಡಿದ. "ನನ್ನ ಹತ್ರ ಸೋಸೂ ಅರಿವಿ ಇದ್ದಿದ್ರ ಈ ನಾರು ಬರ್ತಿತ್ತೇನು?"

ಸರಿಯಾದ ಮಾತು. ಅರಕೇರಾದಲ್ಲಿ ನೀರು ಸೋಸುವವರು ಯಾರೂ ಇಲ್ಲ, ಸೋಸುವ ರೂಢಿ ಇದ್ದಿದ್ದರೆ ಆ ಊರಲ್ಲಿ ನಾರೇ ಇರುತ್ತಿರಲಿಲ್ಲ. ಇವನು ಸೋಸಲಿಲ್ಲ. ಹಾಗಾದರೆ ಇವನು ಹೊರಟ ಮೇಲೆ ಆ ಬಾವಿಗೆ, ಸೋಸದೆ ನೀರು ಕುಡಿಯದವರೊಬ್ಬರು ಬಂದಿದ್ದರು. ದೂರದಿಂದ ಬಂದಿದ್ದರು, ಬಿಸಿಲಿನಲ್ಲಿ ಬಂದಿದ್ದರು, ದಾಹವಾಗಿತ್ತು. ಅಂಥ ಹೊತ್ತಿನಲ್ಲೂ ಅರಿವೆ ಬಿಚ್ಚಿ ನಾಲ್ಕು ಮಡಿಕೆ ಮಾಡಿ ತಂಬಿಗೆಯ ಬಾಯಿಗೆ ಕಟ್ಟಿದ್ದರು. ಅವರಿಗೆ ನಾರು ಬರುವುದಿಲ್ಲ, ಅವರ ಹೆಸರು ನನ್ನ ವಹಿಯಲ್ಲಿ ಎಂದೂ ಸಿಗುವುದಿಲ್ಲ.

"ನೀ ಅಲ್ಲಿಗೆ ಹೋಗೂದು ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ." ಸ್ವಲ್ಪ ತಡೆದು ಸೇರಿಸಿದ: "ವೈನಿಗೆ ಮಾತ್ರ ಪತ್ರ ಬರದಿದ್ದೆ. ಅಣ್ಣನ ಹೆಂಡತಿ ಅಂದ್ರ ತಾಯಿ ಇದ್ದಂಗ, ಆಶೀರ್ವಾದ ಬೇಡಿದ್ದೆ. ಆಮ್ಯಾಲೆ ಅದರ ಸುದ್ದೀನ ಇಬ್ರೂ ಎತ್ತಲಿಲ್ಲ."

ಅವನು ಅದನ್ನು ಎಷ್ಟು ಸಹಜವಾಗಿ ಹೇಳಿದನೆಂದರೆ, ಹೇಳಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ.

ನನಗೆ ತಿಳಿಯಿತು. ಆ ಅಕ್ಷಯ ತದಿಗೆಯ ಹೊತ್ತಿಗೆ ನಾನು ಮಲ್ಲಟದಲ್ಲಿ ಕಾಲರಾ ಡ್ಯೂಟಿಯ ಮೇಲಿದ್ದೆ. ಆ ಹೆಣದ ಪರೀಕ್ಷೆಗೆಂದು ಮೂರನೇ ದಿನ ದೇವದುರ್ಗಕ್ಕೆ ಮರಳಿದರೆ ಅನಸೂಯಾ ಹಾಸಿಗೆ ಹಿಡಿದಿದ್ದಳು. ಮೈ ಬಿಸಿ, ಕಣ್ಣು ಕೆಂಪು, ಅನ್ನ ಸೇರದು, ಮಾತಿಲ್ಲ. ಬಿಸಿಲು ಬಡಿದಿದೆ ಎಂದು ರೋಗದ ಹೆಸರು ಹೇಳಿದವನು ನಾನೇ. ಹತ್ತು ದಿನ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಸಿ, ಗುಣವಾಯಿತೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮನೆಯ ನೆರಳಿನಲ್ಲಿದ್ದ ಹೆಂಗಸಿಗೆ ಬಿಸಿಲು ಎಲ್ಲಿ ಬಡಿಯಿತು ಎಂದು ಕೇಳಲಿಲ್ಲ. ಊರ ಮಂದಿಯನ್ನೆಲ್ಲ ಎಲ್ಲಿ ನೀರು ಕುಡಿದಿರಿ ಎಂದು ಪೀಡಿಸುವ ನಾನು, ನನ್ನ ಹೆಂಡತಿಯನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

ಎದ್ದು ಹಿತ್ತಲ ಕಡೆ ನಡೆದೆ. ಬೆಳಗಿನ ಹೊತ್ತು ನಾನು ಆ ಕಡೆ ಹೋಗುವವನೇ ಅಲ್ಲ. ಹೆಣ ಮುಟ್ಟುವ ಕೈಯವನೆಂದು ಮಡಿ ನೀರಿನ ಹತ್ತಿರ ನನ್ನನ್ನು ಬಿಟ್ಟುಕೊಂಡದ್ದೇ ಇಲ್ಲ. ಮದುವೆಯಾದಾಗಿನಿಂದಲೂ ನನಗೆ ನೀರು ಬರುವುದು ಲೋಟದಲ್ಲಿ. ಅದನ್ನು ಸೋಸುವ ಅರಿವೆ ಯಾವ ಬಣ್ಣದ್ದು ಎಂದು ಕೇಳಿದ್ದರೆ ನಾನು ಹೇಳಲಾರದವನಾಗಿದ್ದೆ.

ಬಾವಿಕಟ್ಟೆಯ ಹತ್ತಿರ ಅಮರಮ್ಮ ಬಾಗಿ ನಿಂತಿದ್ದಳು, ಬೊಗಸೆ ಬಾಯಿಗೆ ಹಚ್ಚಿ. ಅನಸೂಯಾ ಒದ್ದೆ ಮಡಿಸೀರೆಯಲ್ಲಿ ಕಟ್ಟೆಯ ಮೇಲೆ ನಿಂತು ಎತ್ತರದಿಂದ ತಂಬಿಗೆಯ ನೀರು ಹುಯ್ಯುತ್ತಿದ್ದಳು. ಆಗಷ್ಟೇ ಸೇದಿದ ನೀರು. ನಾರಿನವರಿಗೂ ಸೋಸಿಯೇ ಕೊಡಬೇಕೆಂದು ನಾನು ಹೇಳಿದ್ದನ್ನು ಅವಳು ತಪ್ಪಿಸಿದವಳಲ್ಲ. ತಂಬಿಗೆಯ ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು.

ನಾಲ್ಕು ಮಡಿಕೆ. ಅಂಚಿಗೆ ಕಪ್ಪು ರೇಶ್ಮೆ ದಾರ, ಸ್ವಲ್ಪ ಓರೆಯಾದ ಹೊಲಿಗೆ.

ಯುದ್ಧದ ಕಾಲದಲ್ಲಿ ಅಂಗಡಿಯಲ್ಲಿ ದಾರ ಸಿಗುತ್ತಿಲ್ಲವೆಂದು ಅವಳು ಕೇಳಿದ್ದಳು. ದವಾಖಾನೆಯಲ್ಲಿ ಉಳಿದ ದಾರದ ಉಂಡೆಯೊಂದನ್ನು ತಂದು ಅವಳ ಕೈಗಿಟ್ಟವನು ನಾನು. ಹರಿದ ಧೋತರದಲ್ಲಿ ನಾಲ್ಕು ಅರಿವೆ ಹೊಲಿದೆ ಎಂದು ಊಟಕ್ಕೆ ಕೂತಾಗ ಹೇಳಿದ್ದಳು, ನಾನು ಹೂಂ ಅಂದಿದ್ದೆ. ಈಗ ಆ ಹೂಂ ನೆನಪಾಯಿತು.

ಅಮರಮ್ಮ ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಹೆಣದ ಕೊಟ್ಟಿಗೆಯಲ್ಲಿ ನಾನು ಅವಳ ಮಗಳ ಮುಷ್ಟಿ ಬಿಡಿಸುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಇದು ನಮ್ಮ ಹುಡುಗಿಯದಲ್ಲ ಎಂದು ಅಮೀನ್ ಸಾಹೇಬರಿಗೆ ಮೂರು ಸಲ ಹೇಳಿ ಬೈಸಿಕೊಂಡವಳು ಅವಳೇ. ತಲೆ ಎತ್ತಬೇಡ ತಾಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ನಾಚಿಕೆಯಿಲ್ಲದೆ ಬೇಡಿಕೊಂಡೆ. ನಾಳೆ ನೇಣಿಗೆ ಹೋಗಬಹುದಾದವನು ಅವಳ ಗಂಡ ಎಂಬುದು ಗೊತ್ತಿದ್ದೂ ಬೇಡಿಕೊಂಡೆ.

ಸಾಕೆಂಬಂತೆ ಅವಳು ತಲೆ ಎತ್ತಿದಳು.

ಬೊಗಸೆ ಹಾಗೇ ಇತ್ತು. ನೀರು ಬೆರಳ ಸಂದಿಯಿಂದ ಸೋರಿ ಮೊಣಕೈಗೆ ಇಳಿಯುತ್ತಿತ್ತು. ಅವಳ ಕಣ್ಣು ತಂಬಿಗೆಯ ಬಾಯಿಯ ಮೇಲೆ ನಿಂತಿತ್ತು.

"ಯಪ್ಪಾ," ಎಂದು ನನ್ನ ಕಡೆ ತಿರುಗಿದಳು. ದನಿ ಏರಲಿಲ್ಲ. "ನನ್ನ ಮಗಳ ಕೈಯಾಗ ಇಂಥದ ಅರಿವಿ ಇತ್ತಲ್ರೀ?"

ನಾನು ಬಾಯಿ ತೆರೆದೆ. ಹಿಂದೆ ಬಾಗಿಲ ಸಪ್ಪಳವಾಯಿತು. ಪ್ರಾಣೇಶ ಕಾಲಿಗೆ ಕಟ್ಟಿದ ಕಡ್ಡಿಯನ್ನು ಹಿಡಿದುಕೊಂಡು, ಗೋಡೆ ಹಿಡಿದು ಬಂದು ನಿಂತಿದ್ದ. ಅವನೂ ಕೇಳಿಸಿಕೊಂಡಿದ್ದ.

"ವೈನೀ…?" ಎಂದ.

ಅನಸೂಯಾ ಅವನನ್ನು ನೋಡಲಿಲ್ಲ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. ಅರಿವೆಯ ಗಂಟು ಬಿಚ್ಚಿದಳು, ಹಿಂಡಿದಳು, ದಿನಾ ಮಾಡುವಂತೆ ಅಂಚಿಗೆ ಅಂಚು ಸೇರಿಸಿ ಮಡಿಚಿದಳು. ಆಮೇಲೆ ಮಡಿಯನ್ನು ಮರೆತು ಕಟ್ಟೆಯಿಳಿದು ಬಂದು, ಅಮರಮ್ಮನ ಒದ್ದೆ ಅಂಗೈಯಲ್ಲಿ ಅದನ್ನು ಇಟ್ಟಳು.

"ಅವರನ್ನ ಕೇಳಬ್ಯಾಡ, ಅಮರಮ್ಮಾ. ಅವರಿಗೆ ಏನೂ ಗೊತ್ತಿಲ್ಲ. ಅವತ್ತು ಬಾವ್ಯಾಗ ನಿನ್ನ ಮಗಳ ಎರಡೂ ಕೈ ಹಿಡದಾಕಿ ನಾನು."